ಮೂರನೆಯ ‘ಇಲ್ಲ’

ಬೇಸಿಗೆ ಏರಿ ಹದಿನೈದು ದಿನವಾಗಿತ್ತು. ಮರಿ ಮಾಡಿಸುವ ಕೋಳಿ ಫಾರಮ್ಮಿನಲ್ಲಿ ಬೆಳಗಿನ ಕೆಲಸ ಅರ್ಧ ಮುಗಿದಿತ್ತು. ಹೆಂಗಸರು ಮೊಟ್ಟೆಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡುತ್ತಿದ್ದರು. ಜೀವ ಇದ್ದದ್ದು ಬಲಕ್ಕೆ, ಇಲ್ಲದ್ದು ಎಡಕ್ಕೆ.

ನಾನು ಹಿತ್ತಲಲ್ಲಿ ಒಂದು ಖಾಲಿ ಡ್ರಮ್ಮಿನ ಮೇಲೆ ನಿಂತಿದ್ದೆ. ಎದೆಗೆ ಅವುಚಿಕೊಂಡ ಲ್ಯಾಪ್‌ಟಾಪ್.

ಕೆಳಗೆ ಕಾವಲಿನ ಹೆಬ್ಬಾತು.

ನನ್ನ ಪ್ಯಾಂಟಿನ ಒಂದು ತುಂಡು ಅದರ ಕೊಕ್ಕಿನಲ್ಲಿತ್ತು!

ನಗಬೇಡಿ. ಪಿಸ್ತೂಲು ಹಿಡಿದವನ ಮುಂದೆ ಕೈ ಎತ್ತಬಹುದು. ಹೆಬ್ಬಾತಿನ ಮುಂದೆ ಎತ್ತಿದರೆ ಅದು ಆ ಕೈಯನ್ನೇ ಕಚ್ಚುತ್ತದೆ.

“ಏನೋ ಇದು, ಕಾಂಪೌಂಡ್ ಹಾರಿ ಬಂದ್ಯಾ?”

ಚಿಕ್ಕಮ್ಮ. ಕೈಯಲ್ಲಿ ಪೊರಕೆ.

“ಗೇಟಲ್ಲಿ ಬಿಡ್ಲಿಲ್ಲ ಚಿಕ್ಕಮ್ಮ. ಬಿಡಬೇಡಿ ಅಂತ ಆ ಮಷೀನಿನ ಕೋಟಿನವನು ಹೇಳಿದಾನಂತೆ.”

“ಅವನು ಹೇಳ್ದ, ನೀನು ಹಾರ್ದೆ. ಬುದ್ಧಿ ಇಬ್ರಿಗೂ ಇಲ್ಲ. ಇಳಿ! ಅದು ಕಳ್ಳರನ್ನ ಮಾತ್ರ ಕಚ್ಚುತ್ತೆ.”

“ನನ್ನನ್ನ ಕಚ್ಚಿತಲ್ಲ!”

“ನಾನೂ ಅದನ್ನೇ ಯೋಚ್ನೆ ಮಾಡ್ತಿದೀನಿ.”

ಇಳಿದೆ. ಓಡಿದೆ. ಹೆಬ್ಬಾತು ಓಡಿಸಿತು. ಮೇವಿನ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡಾಗ ಗಡಿಯಾರದಲ್ಲಿ ಹತ್ತು ಹೊಡೆಯುತ್ತಿತ್ತು. ಉಳಿದದ್ದು ಎರಡೇ ಗಂಟೆ.

ಯಾತಕ್ಕೆ ಎರಡು ಗಂಟೆ ಅಂತೀರಾ? ಕೇಳಿ.

ಚಿಕ್ಕಮ್ಮ ಇಲ್ಲಿ ಇಪ್ಪತ್ತೆರಡು ವರ್ಷದಿಂದ ಕಾವು ಕೊಡುವ ಮಷೀನು ನೋಡಿಕೊಳ್ಳುತ್ತಾಳೆ. ಹತ್ತು ದಿನದ ಹಿಂದೆ ಮೂರನೇ ನಂಬರಿನ ಮಷೀನಿನಲ್ಲಿ ಆರು ಸಾವಿರ ಮೊಟ್ಟೆ ಬೆಂದುಹೋದವು. ಇನ್ನು ಮೂರು ದಿನಕ್ಕೆ ಮರಿಯಾಗಬೇಕಿದ್ದವು. ಅಲಾರಾಂ ಕೂಗಲಿಲ್ಲ. ಮಷೀನು ಕೊಟ್ಟವನು, ರಿಪೇರಿಗೆ ಬರುವವನು ಒಬ್ಬನೇ. ಬಿಸಿಲಲ್ಲೂ ಕೋಟು ಹಾಕುವವನು. ಆತ ವರದಿ ಬರೆದ: ‘ಅಲಾರಾಂ ಆಫ್ ಮಾಡಿ ನಿದ್ದೆ ಹೋಗಿದ್ದಾಳೆ.’ ಇವತ್ತು ಹನ್ನೆರಡು ಗಂಟೆಗೆ ಯಜಮಾನರ ಮುಂದೆ ಚಿಕ್ಕಮ್ಮ ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಕೆಲಸ ಬಿಟ್ಟು ಮನೆಗೆ ಹೋಗಬೇಕು.

“ನಾನು ಮಲಗಿಲ್ಲ ಕಣೋ,” ಎಂದಳು ಚಿಕ್ಕಮ್ಮ, ನನ್ನ ಹಿಂದೆಯೇ ಒಳಬಂದು ಮೂಟೆಯ ಮೇಲೆ ಕೂತು. “ಅರ್ಧ ಗಂಟೆಗೊಂದ್ಸಲ ಪರದೆ ನೋಡಿದೀನಿ. ಮೂವತ್ತೇಳೂವರೆ ಡಿಗ್ರಿ ಅಂತ್ಲೇ ಇತ್ತು. ಬಾಗಿಲು ತೆಗೆದ್ರೆ... ಒಳಗೆ ಒಲೆ!”

ನನ್ನ ಕಸುಬು ಬೇರೆಯವರು ಬರೆದ ಕೋಡ್ ಓದುವುದು. ತಪ್ಪು ಹುಡುಕುವುದು. ಮಷೀನಿನ ಒಳಗೊಂದು ಪುಟ್ಟ ಕಂಪ್ಯೂಟರ್ ಇದೆ. ಅದಕ್ಕೊಂದು ಆಪರೇಟಿಂಗ್ ಸಿಸ್ಟಮ್, ಯಾರು ಬೇಕಾದರೂ ಇಳಿಸಿಕೊಂಡು ಓದಬಹುದಾದದ್ದು. ಅದರಲ್ಲಿ ಮೆಮೊರಿ ಹಂಚುವ ಭಾಗ ಎಂದರೆ ಊರಿನ ಉಗ್ರಾಣ ಇದ್ದ ಹಾಗೆ. ಹೀಟರು, ಪರದೆ, ಅಲಾರಾಂ, ಯಾರಿಗೆ ಕೆಲಸ ಬಿದ್ದರೂ ಅಲ್ಲಿಗೆ ಬಂದು ಒಂದಿಷ್ಟು ಮೆಮೊರಿ ಕೇಳಬೇಕು. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಬರುವ ಹಾಗಿಲ್ಲ. ಬೀಗ ಹಾಕಿಕೊಳ್ಳಬೇಕು. ಕೆಲಸವಾದ ಮೇಲೆ ತೆಗೆಯಬೇಕು.

ಕೇಳಿದ್ದು ಸಿಕ್ಕರೆ ಎಲ್ಲ ಸರಿ. ‘ಇಲ್ಲ’ ಎಂದರೆ?

ಹೊಲಕ್ಕೆ ಹೋಗುವ ದಾರಿ ದಿನಾ ತುಳಿದು ಸವೆದಿರುತ್ತದೆ. ‘ಇಲ್ಲ’ ಎನ್ನುವ ದಾರಿಯಲ್ಲಿ ಬರೆದವನೂ ನಡೆದಿರುವುದಿಲ್ಲ. ಹುಲ್ಲು ಬೆಳೆದಿರುತ್ತದೆ. ಹಾವು ಇರುವುದು ಅಲ್ಲೇ.

‘ಇಲ್ಲ’ ಬರಬಹುದಾದ ಜಾಗ ಮೂರು. ಲ್ಯಾಪ್‌ಟಾಪ್ ತೆರೆದು ಮೊದಲನೆಯದು ನೋಡಿದೆ. ಬೀಗ ತೆಗೆದು ಹೊರಬರುತ್ತದೆ. ಎರಡನೆಯದೂ ಹಾಗೇ. ಮೂರನೆಯದು...

ಇನ್ನೊಮ್ಮೆ ಓದಿದೆ.

“ಸಿಕ್ತು ಚಿಕ್ಕಮ್ಮ! ಉಗ್ರಾಣದೊಳಗೆ ಹೋದೋನು ‘ಮೆಮೊರಿ ಇಲ್ಲ’ ಅಂತ ಕೇಳಿಸ್ಕೊಂಡು, ಬೀಗ ತೆಗೀದೆ, ಕೀ ಜೇಬಿಗೆ ಹಾಕ್ಕೊಂಡು ಹಿತ್ತಲ ಬಾಗಿಲಿಂದ ಹೊರಟಿದಾನೆ!”

“ಆಮೇಲೆ ಬಂದೋರು?”

“ಬಾಗಿಲ ಮುಂದೆ ಕಾಯ್ತಾರೆ. ಪರದೆ ಕಾಯುತ್ತೆ, ಹಳೇ ಅಂಕಿ ತೋರಿಸ್ಕೊಂಡು. ಹೀಟರ್ ಆಫ್ ಮಾಡೋನು ಕಾಯ್ತಾನೆ. ಅಲಾರಾಮೂ ಕ್ಯೂನಲ್ಲೇ.”

“ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗೋಕೂ ಚೀಟಿ ಬೇಕಾ?”

“ಬೇಕು.”

“ಥೂ, ನಿಮ್ಮ ಕಂಪ್ಯೂಟ್ರಿಗಿಷ್ಟು!”

ಬಾಗಿಲು ತೆರೆಯಿತು. ಕೋಟು! ಹಣೆಯಲ್ಲಿ ಬೆವರು, ತುಟಿಯಲ್ಲಿ ನಗು.

“ರೀ ಮಿಸ್ಟರ್, ಓದಿ ಆಯ್ತಾ?”

“ಆಯ್ತು. ಹಾವು ಸಿಕ್ಕಿತು.”

“ಆ ಕೋಡನ್ನ ಓದಿ, ಸರಿ ಇದೆ ಅಂತ ಒಪ್ಪಿದ್ದು ಯಾರು ಅಂತ ನೋಡಿದ್ರಾ?”

ಕೋಡ್ ಇಳಿಸಿಕೊಂಡಿದ್ದೆ. ಅದರ ಜಾತಕ ನೋಡಿರಲಿಲ್ಲ. ಆತ ಫೋನು ನನ್ನ ಮೂಗಿನ ಹತ್ತಿರ ಹಿಡಿದ. ನಾಲ್ಕು ವರ್ಷದ ಹಿಂದಿನ ತಾರೀಖು. ‘ಓದಿದೆ. ಚೆನ್ನಾಗಿದೆ.’ ಕೆಳಗೆ ಹೆಸರು.

ನನ್ನದು.

ಆಗ ದಿನಕ್ಕೆ ಇಂಥ ಮೂವತ್ತು ಕೋಡ್ ಓದುತ್ತಿದ್ದೆ. ಓದುತ್ತಿದ್ದೆ ಎಂದುಕೊಂಡಿದ್ದೆ.

“ಬಾಯಿ ಮುಚ್ಕೊಂಡು ಹೋದ್ರೆ ನಿಮ್ಮ ಹೆಸರು ನನ್ನ ಜೇಬಲ್ಲೇ ಇರುತ್ತೆ,” ಎಂದ ಕೋಟು ಮೆಲ್ಲಗೆ. “ಇಲ್ಲಾಂದ್ರೆ... ನಾಳೆಯಿಂದ ನಿಮ್ಮ ಕೈಗೆ ಕೋಡ್ ಕೊಡೋರು ಯಾರ್ರೀ?”

ಆತ ಹೋದ. ಚಿಕ್ಕಮ್ಮನಿಗೆ ಫೋನಿನ ಅಕ್ಷರ ಕಾಣಿಸಿರಲಿಲ್ಲ.

“ಏನಂತೆ?”

“ಏನಿಲ್ಲ. ನಡಿ.”

ಹನ್ನೆರಡು ಗಂಟೆ. ಮೂರನೇ ನಂಬರಿನ ಮಷೀನು ತೊಳೆದು, ಮೊಟ್ಟೆಯಿಲ್ಲದೆ ಖಾಲಿಯೇ ಓಡುತ್ತಿತ್ತು. ಯಜಮಾನರು ಪತ್ರ ಹಿಡಿದು ನಿಂತಿದ್ದರು. ಪೆನ್ನು ಚಿಕ್ಕಮ್ಮನ ಕೈಗೆ ಬಂದಾಗಿತ್ತು.

“ಯಜಮಾನ್ರೇ, ಹತ್ತು ನಿಮಿಷ ಕೊಡಿ,” ಎಂದೆ. “ಅಲಾರಾಂ ಯಾಕೆ ಕೂಗ್ಲಿಲ್ಲ ಅಂತ ತೋರಿಸ್ತೀನಿ.”

“ಮುಟ್ಟೋ ಹಾಗಿಲ್ಲ!” ಕೋಟು ಅಡ್ಡ ಬಂದ.

“ಖಾಲಿ ಮಷೀನ್ ತಾನೇ? ಮುಟ್ಲಿ ಬಿಡಿ,” ಎಂದರು ಯಜಮಾನರು.

ಕೇಬಲ್ ಚುಚ್ಚಿದೆ. ನಾಲ್ಕು ಸಾಲು ಸೇರಿಸಿದೆ. ಮೆಮೊರಿ ಇದ್ದರೂ ಸುಳ್ಳುಸುಳ್ಳೇ ‘ಇಲ್ಲ’ ಎನ್ನಲು. ಚಿಕ್ಕಮ್ಮ ತನ್ನ ಹಳೇ ಪಾದರಸದ ಥರ್ಮಾಮೀಟರನ್ನು ಒಳಗೆ ತೂಗುಹಾಕಿದಳು.

ಮೊದಲನೆಯ ‘ಇಲ್ಲ’. ಮಷೀನು ಒಮ್ಮೆ ಕೀಚೆಂದು ಕೆಲಸ ಮುಂದುವರಿಸಿತು.

ಎರಡನೆಯದು. ಅದೇ ಕೀಚು.

“ನೋಡಿದ್ರಾ? ಬಂಡೆ ಇದ್ದ ಹಾಗಿದೆ!” ಕೋಟು ನಕ್ಕ.

ಮೂರನೆಯದು.

ಶಬ್ದವಿಲ್ಲ. ಪರದೆಯಲ್ಲಿ ಮೂವತ್ತೇಳೂವರೆ. ಗಾಜಿನ ಬಾಗಿಲಿಗೆ ಮುಖವಿಟ್ಟು ಚಿಕ್ಕಮ್ಮ ಪಾದರಸ ಓದತೊಡಗಿದಳು. “ಮೂವತ್ತೆಂಟು... ಮೂವತ್ತೆಂಟೂವರೆ.”

ಅಲಾರಾಂ ಕೂಗಬೇಕಾದ ಜಾಗ. ಕೂಗಲಿಲ್ಲ.

“ಮೂವತ್ತೊಂಬತ್ತು... ನಲವತ್ತು!”

ದೀಪದ ಹತ್ತಿರದ ಹೆಂಗಸರು ಮೊಟ್ಟೆ ಕೆಳಗಿಟ್ಟು ಬಂದು ನಿಂತರು. ಪರದೆ ಮಾತ್ರ ಸತ್ಯಹರಿಶ್ಚಂದ್ರನ ಹಾಗೆ ಮೂವತ್ತೇಳೂವರೆ ಎನ್ನುತ್ತಲೇ ಇತ್ತು.

“ನಾಟಕ ಇದು!” ಕೋಟು ಕಿರುಚಿದ. “ಹತ್ತು ವರ್ಷದಲ್ಲಿ ಒಂದ್ಸಲಾನೂ ಮೆಮೊರಿ ಖಾಲಿ ಆಗಿಲ್ಲ!”

ಯಜಮಾನರು ನಿಧಾನಸ್ಥರು. ಕನ್ನಡಕ ಒರೆಸಿ ಕೇಳಿದರು: “ಹೋದ ತಿಂಗಳು ಇದಕ್ಕೇ ನಲವತ್ತು ಸೆನ್ಸರ್ ಹೆಚ್ಚಿಗೆ ಹಾಕಿದ್ರಲ್ಲ. ಅವೂ ಮೆಮೊರಿ ಕೇಳ್ತವೇನು?”

ಕೋಟಿನವನು ಕೋಟು ಬಿಚ್ಚಿದ. ಹತ್ತು ವರ್ಷದಲ್ಲಿ ಮೊದಲ ಸಲವಂತೆ! ಆಮೇಲೆ ಜೇಬಿನಿಂದ ಫೋನು ತೆಗೆದ.

“ಹಾಗಾದ್ರೆ ಇದನ್ನೂ ನೋಡಿ ಯಜಮಾನ್ರೇ...”

“ಬೇಡ,” ಎಂದೆ. “ನಾನೇ ಹೇಳ್ತೀನಿ. ಆ ಕೋಡ್ ಸರಿಯಿದೆ ಅಂತ ನಾಲ್ಕು ವರ್ಷದ ಹಿಂದೆ ಒಪ್ಪಿದ್ದು ನಾನು. ಮೂರನೇ ದಾರಿ ಓದಿರ್ಲಿಲ್ಲ.”

ಪಾದರಸ ನಲವತ್ತೊಂದು ಮುಟ್ಟಿತು. ನಾನೇ ಕೈಚಾಚಿ ಸ್ವಿಚ್ ಆರಿಸಿದೆ.

ಯಜಮಾನರು ಪತ್ರವನ್ನು ಚಿಕ್ಕಮ್ಮನ ಕೈಗೆ ಕೊಟ್ಟರು. ಆಕೆ ಅದನ್ನು ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕಿದಳು. ಪೆನ್ನನ್ನು ಕೋಟಿನವನ ಅಂಗಿ ಜೇಬಿಗೆ ಸಿಕ್ಕಿಸಿದಳು. “ಹೊಸ ವರದಿ ಬರೀಬೇಕಲ್ಲಪ್ಪ, ಇಟ್ಕೋ.”

ಬೀಗ ತೆಗೆಯುವ ಒಂದು ಸಾಲು ಬರೆದೆ. ಒಂದೇ ಸಾಲು! ಮಷೀನು ತಣಿದ ಮೇಲೆ ಸ್ವಿಚ್ ಹಾಕಿ ಮತ್ತೆ ಮೂರನೆಯ ‘ಇಲ್ಲ’ ಹೇಳಿಸಿದೆ. ಹೀಟರನ್ನು ಬೇಕೆಂದೇ ಆರಿಸದೆ ಬಿಟ್ಟೆ, ಶಾಖ ಏರಿತು. ಮೂವತ್ತೆಂಟೂವರೆಗೆ ಅಲಾರಾಂ ಕಿವಿ ಹರಿಯುವ ಹಾಗೆ ಕೂಗಿತು. ಇಷ್ಟು ಸುಖದ ಸದ್ದನ್ನು ನಾನು ಬದುಕಿನಲ್ಲಿ ಕೇಳಿಲ್ಲ.

ಚೀಲ ಹೆಗಲಿಗೇರಿಸಿದೆ. ಕಾಲರಿನ ಹಿಂದೆ ಒಂದು ಕೈ ಬಿತ್ತು.

“ಎಲ್ಲಿಗೆ?”

“ಮನೆಗೆ, ಚಿಕ್ಕಮ್ಮ. ಕೆಲಸ ಆಯ್ತಲ್ಲ.”

“ನನ್ನ ಕೆಲಸ ಉಳೀತು. ನಿನ್ನದು ಎಲ್ಲಿ ಆಯ್ತು?” ಆಕೆ ನನ್ನನ್ನು ಹಿಂದಿನ ಶೆಡ್ಡಿಗೆ ತಳ್ಳಿಕೊಂಡು ಹೋದಳು. ವಿಚಾರಣೆ ಮುಗಿಯುವ ತನಕ ಮುಟ್ಟಬಾರದೆಂದು ಬೆಂದ ಮೊಟ್ಟೆಗಳನ್ನು ಅಲ್ಲಿ ಪೇರಿಸಿಟ್ಟಿದ್ದರು. ಆರು ಸಾವಿರ. ಹತ್ತು ದಿನದ ಬಿಸಿಲು ಕುಡಿದವು. ಒಂದೊಂದಾಗಿ ಸಿಡಿಯತೊಡಗಿದ್ದವು.

ಬಕೆಟ್ಟು, ಸಲಿಕೆ ನನ್ನ ಕೈಗೆ ಬಂದವು.

“ಚಿಕ್ಕಮ್ಮ... ಮೂಗಿಗೆ ಕಟ್ಟೋಕೆ ಒಂದು ಬಟ್ಟೆ ಆದ್ರೂ ಕೊಡು!”

“ಸಹಿ ಹಾಕುವಾಗ ಕಣ್ಣಿಗೆ ಕಟ್ಕೊಂಡಿದ್ಯಲ್ಲ,” ಎಂದಳು ಚಿಕ್ಕಮ್ಮ, “ಅದನ್ನೇ ಸ್ವಲ್ಪ ಕೆಳಗೆ ಇಳಿಸ್ಕೋ.”