ಸಿಗ್ನಲ್ ಇರೋದು ಏರಿ ಮೇಲೆ

“ಔಷ್ದಿ ಪೆಟ್ಟಿಗೇಲಿ ಅದೆ ಅಂತೀರಿ. ಮತ್ತೆ ಯಾಕೆ ಕೊಡ್ತಿಲ್ಲ?” ಎಂದು ರೂಪಶ್ರೀ ಕೇಳಿದಳು.

ಆಂಬುಲೆನ್ಸಿನಲ್ಲಿ ಬಂದಿದ್ದ ಉಮಾಶಂಕರ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಹೋದ. ಅಲ್ಲೂ ಸಿಗ್ನಲ್ ಇರಲಿಲ್ಲ.

ಜಗಲಿಯ ಮೇಲೆ ರೂಪಶ್ರೀಯ ಅಜ್ಜಿ ತಿಮ್ಮಮ್ಮ ಮಲಗಿದ್ದಳು. ಬೆಳಿಗ್ಗೆ ಅಜ್ಜಿ ಹುಣಸೆಮರದ ಕೆಳಗೆ ಕಸ ಗುಡಿಸಿ ಬೆಂಕಿ ಹಚ್ಚಿದ್ದಳು. ಮರದಲ್ಲಿ ಹೆಜ್ಜೇನು ಕಟ್ಟಿದೆ, ಬೇಡ ಎಂದು ರೂಪಶ್ರೀ ಹೇಳಿದ್ದಳು. “ಸುಮ್ಕಿರು, ಅವು ನನ್ನ ಕಂಡ್ರೆ ಎದರ್ತವೆ,” ಎಂದಿದ್ದಳು ಅಜ್ಜಿ. ಹೊಗೆ ಮೇಲೆ ಹೋಯಿತು, ಹುಳ ಕೆಳಗೆ ಬಂದವು. ಕಚ್ಚಿದ್ದು ನಾಲ್ಕೇ ನಾಲ್ಕು.

ಅಪ್ಪ, ಅವ್ವ ಹೊಗೆಸೊಪ್ಪಿನ ಹರಾಜಿಗೆ ಪಿರಿಯಾಪಟ್ಟಣಕ್ಕೆ ಹೋಗಿದ್ದರು. ಪಕ್ಕದ ಮನೆಯ ದಾಸಯ್ಯ ಓಡಿಬಂದು, ಎಲೆ ಅಡಿಕೆ ಡಬ್ಬಿಯ ಸುಣ್ಣವನ್ನೆಲ್ಲ ಅಜ್ಜಿಯ ಮುಖಕ್ಕೆ ಬಳಿದ. ಹಬ್ಬಕ್ಕೆ ಗೋಡೆಗೂ ಯಾರೂ ಅಷ್ಟು ಬಳಿಯುವುದಿಲ್ಲ. ಸುಣ್ಣದ ಅಡಿಯಲ್ಲಿ ತುಟಿ ಊದುತ್ತಿದ್ದುದು ಯಾರಿಗೂ ಕಾಣಲಿಲ್ಲ.

ಉಸಿರು ಗೊರಗೊರ ಅಂದಾಗ ರೂಪಶ್ರೀ ದಾಸಯ್ಯನ ಮೊಬೈಲ್ ಕಿತ್ತುಕೊಂಡು ನಾಲೆ ಏರಿಗೆ ಓಡಿದಳು. ಊರಿಗೆಲ್ಲ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ, ಏರಿ ಮೇಲಿನ ಹೊಂಗೆಮರದ ಹತ್ತಿರ. ಅವಳು ಫೋನ್ ಮಾಡಿದ ಮೇಲೆ ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದ ಆಂಬುಲೆನ್ಸ್ ಗಾಡಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು.

ಈಗ ಗಾಡಿ ಬಂದಿದೆ, ಔಷಧಿ ಬಂದಿದೆ, ಕೊಡುವವನೂ ಬಂದಿದ್ದಾನೆ. ಆದರೂ ಕೊಡುತ್ತಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅಂದರೆ ಇದೇ ಇರಬೇಕು.

“ರೂಲ್ಸ್ ಕಣಮ್ಮ,” ಎಂದ ಉಮಾಶಂಕರ. “ಈ ಇಂಜೆಕ್ಷನ್ ಎದೆ ಬಡಿತ ಜೋರು ಮಾಡ್ತದೆ. ಫೋನಲ್ಲಿ ಡಾಕ್ಟ್ರು ಕೊಡು ಅಂದ್ಮೇಲೇ ನಾನು ಕೊಡ್ಬೇಕು. ಮೊದಲೇ ಕೊಟ್ರೆ ಕೆಲ್ಸ ಹೋಯ್ತದೆ.”

“ರೂಲ್ಸ್ ಬರೆದೋರು ನಮ್ಮೂರಿಗೆ ಬಂದಿದ್ರಾ? ಸಿಗ್ನಲ್ ಅದಾ ಇಲ್ವಾ ನೋಡಿದ್ರಾ?”

ಅವನು ಪೇಷಂಟನ್ನು ಬಿಟ್ಟು ಹೋಗುವಂತಿರಲಿಲ್ಲ. ಡ್ರೈವರ್ ಧರ್ಮೇಂದ್ರ ಅಜ್ಜಿಯ ಮುಖದ ಸುಣ್ಣ ಒರೆಸಿ ಆಕ್ಸಿಜನ್ ಹಿಡಿದಿದ್ದ. ದಾಸಯ್ಯನಿಗೆ ಮಂಡಿನೋವು. ಉಮಾಶಂಕರ ಅಜ್ಜಿಯ ಸ್ಥಿತಿಯನ್ನು ಒಂದು ಚೀಟಿಯಲ್ಲಿ ಬರೆದು, ಮೊಬೈಲ್ ಜೊತೆ ರೂಪಶ್ರೀಯ ಕೈಗೆ ಕೊಟ್ಟ.

“ಓಡು ಮಗಾ. ಡಾಕ್ಟ್ರಿಗೆ ಇದನ್ನ ಓದು. ಅವ್ರು ಏನಂತಾರೆ ಬಂದು ಹೇಳು.”

ರೂಪಶ್ರೀ ಓಡಿದಳು. ಅಂಗಾಲಿಗೆ ಜಾಲಿಮುಳ್ಳು ಚುಚ್ಚಿದರೂ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಉಮಾಶಂಕರನನ್ನು ಬೈದಳು. ಹೇಡಿ. ಪುಕ್ಕಲ. ಅಜ್ಜಿಗಿಂತ ಅವನಿಗೆ ಕೆಲಸವೇ ಹೆಚ್ಚು.

ಹೊಂಗೆಮರದ ಹತ್ತಿರ ಫೋನ್ ಹೋಯಿತು. “ಲೈನಲ್ಲೇ ಇರಿ,” ಎಂದಳು ಒಬ್ಬಳು. ಆಮೇಲೆ ಸಂಗೀತ ಶುರುವಾಯಿತು, ಮದುವೆಮನೆಯ ವಾಲಗದಂಥದ್ದು. ಅಜ್ಜಿ ಅಲ್ಲಿ ಉಸಿರಿಗೆ ಒದ್ದಾಡುತ್ತಿದ್ದರೆ ಇವರಿಗೆ ಇಲ್ಲಿ ವಾಲಗ. ಅವಳಿಗೆ ಫೋನನ್ನು ನಾಲೆಗೆ ಎಸೆಯಬೇಕು ಅನ್ನಿಸಿತು.

ಕೊನೆಗೆ ಡಾಕ್ಟರ ದನಿ ಬಂತು. “ಪೇಷಂಟ್ ಹತ್ರ ಇರೋರಿಗೆ ಫೋನ್ ಕೊಡಮ್ಮ.”

“ಅವ್ರು ಕೆಳಗವ್ರೆ ಸಾರ್, ಅಲ್ಲಿ ಸಿಗ್ನಲ್ ಇಲ್ಲ. ನಾನೇ ಓದ್ತೀನಿ.” ಅವಳು ಚೀಟಿಯನ್ನು ಒಂದೇ ಉಸಿರಿಗೆ ಓದಿದಳು.

“ಕೊಡೋಕೆ ಹೇಳು. ಬೇಗ,” ಎಂದರು ಡಾಕ್ಟರು.

ಅವಳು ಏರಿ ಇಳಿಯುವಾಗಲೇ “ಕೊಡಬೇಕಂತೆ” ಎಂದು ಕೂಗುತ್ತಾ ಬಂದಳು. ಅಂಗಳಕ್ಕೆ ಬಂದವಳು ನಿಂತುಬಿಟ್ಟಳು.

ಅಜ್ಜಿ ಕಣ್ಣು ಬಿಟ್ಟಿದ್ದಳು. ಉಸಿರು ಗೊರಗೊರ ಅನ್ನುತ್ತಿರಲಿಲ್ಲ. ಅವಳ ತೊಡೆಯ ಮೇಲೆ ಹತ್ತಿಯ ಉಂಡೆ ಇತ್ತು, ಪಕ್ಕದಲ್ಲಿ ಕತ್ತು ಮುರಿದ ಚಿಕ್ಕ ಗಾಜಿನ ಶೀಷೆ.

“ಆಗ್ಲೇ ಕೊಟ್ರಾ?”

“ನೀನು ಅತ್ಲಾಗೆ ಹೋದೆ, ಅಜ್ಜಿ ತುಟಿ ನೀಲಿ ಆಯ್ತು,” ಎಂದ ಉಮಾಶಂಕರ.

ದಾರಿಯಲ್ಲಿ ಬೈದದ್ದೆಲ್ಲ ನೆನಪಾಗಿ ರೂಪಶ್ರೀಗೆ ಅವನ ಮುಖ ನೋಡಲು ನಾಚಿಕೆಯಾಯಿತು.

ಅಜ್ಜಿಯನ್ನು ಗಾಡಿಗೆ ಹತ್ತಿಸಿದರು, ರೂಪಶ್ರೀಯೂ ಹತ್ತಿದಳು. ಉಮಾಶಂಕರ ಒಂದು ಫಾರಂ ತೆಗೆದ. ಡಾಕ್ಟರು ಹೇಳಿದ್ದು 11:26 ಎಂದು ಮೊಬೈಲ್ ನೋಡಿ ಬರೆದ. ಇಂಜೆಕ್ಷನ್ ಕೊಟ್ಟ ಸಮಯ ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

“ಇಪ್ಪತ್ತೆಂಟು ಅಂತ ಬರಿ ಕಣಯ್ಯ,” ಎಂದ ಧರ್ಮೇಂದ್ರ, ಗಾಡಿ ಸ್ಟಾರ್ಟ್ ಮಾಡುತ್ತ. “ಯಾರು ನೋಡ್ತಾರೆ?”

ಉಮಾಶಂಕರ 11:17 ಎಂದು ಬರೆದ.

“ಕೆಲ್ಸ ಹೋದ್ರೆ?” ರೂಪಶ್ರೀ ಮೆಲ್ಲಗೆ ಕೇಳಿದಳು.

“ಹೋದ್ರೂ ಹೋಯ್ತದೆ. ಸುಳ್ಳು ಬರೆದ್ರೆ ಇಲ್ಲಿ ಎಲ್ಲಾ ಸರಿಯಾಗೇ ಅದೆ ಅಂದ್ಕೋತಾರೆ. ನಾಳೆ ಇನ್ಯಾರಿಗೋ ಹಿಂಗೇ ಆದ್ರೆ...” ಅವನು ಫಾರಮ್ಮನ್ನೂ ಇಂಕ್ ಪ್ಯಾಡನ್ನೂ ಅಜ್ಜಿಯ ಕಡೆ ಚಾಚಿದ.

ಅಜ್ಜಿ ಸುಣ್ಣ ಮೆತ್ತಿದ ಹೆಬ್ಬೆಟ್ಟು ಎತ್ತಿದಳು. ಯಾವ ಕಾಗದ ಕೊಟ್ಟರೂ ಕೇಳದೆ ಒತ್ತುವುದು ಅವಳ ಅಭ್ಯಾಸ.

“ತಡಿಯಜ್ಜಿ,” ಎಂದು ರೂಪಶ್ರೀ ಎರಡೂ ಸಮಯವನ್ನು ಜೋರಾಗಿ ಓದಿದಳು. ಅಜ್ಜಿ ಹೆಬ್ಬೆಟ್ಟಿನ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಒತ್ತಿದಳು.

ಫಾರಮ್ಮಿನ ಕೆಳಗೆ ಎರಡು ಸಾಲಿನಷ್ಟು ಜಾಗ ಖಾಲಿ ಉಳಿದಿತ್ತು. ರೂಪಶ್ರೀ ಪೆನ್ನು ಇಸಿದುಕೊಂಡು, ಗಾಡಿ ಕುಲುಕುತ್ತಿದ್ದರೂ ಪರೀಕ್ಷೆಯಲ್ಲಿ ಬರೆಯುವಂತೆ ದುಂಡಗೆ ಬರೆದಳು:

‘ಸಿಗ್ನಲ್ ಇರೋದು ಏರಿ ಮೇಲೆ. ನಮ್ಮಜ್ಜಿ ಇದ್ದದ್ದು ಕೆಳಗೆ. ರೂಪಶ್ರೀ, ಐದನೇ ಕ್ಲಾಸು.’