ಜೋಡಿ ದೋಣಿಯಲ್ಲಿ ಹಿಂದೆ ಕೂತವನು

ಮೊದಲ ಭೇಟಿಯಲ್ಲೇ ಪದ್ಮಿನಿ ಅವನನ್ನು ನೀರಿಗೆ ಕೆಡವಿದ್ದಳು.

ಚಾಟ್ಸ್‌ವುಡ್‌ನ ಅವಳ ಆಫೀಸಿನವರೆಲ್ಲ ಪೆನ್ರಿತ್‌ನ ದೋಣಿಯಾಟದ ಕೇಂದ್ರಕ್ಕೆ ಟೀಮ್ ಔಟಿಂಗ್ ಹೋಗಿದ್ದ ದಿನ. ಇಬ್ಬರು ಕೂರುವ ದೋಣಿಯಲ್ಲಿ ಅವಳು ಮುಂದೆ, ಅಲ್ಲಿನ ಕೋಚ್ ಲಿಯಾಂಗ್ ಹಿಂದೆ. ಇದ್ದಾನೋ ಇಲ್ಲವೋ ಎಂದು ಅವಳು ಗಕ್ಕನೆ ತಿರುಗಿದ್ದೇ ತಡ, ದೋಣಿ ಮಗುಚಿತು.

"ಮುಂದೆ ಕೂತವರು ತಿರುಗಬಾರದು," ಮೂಗಿಗೆ ಹೋದ ನೀರನ್ನು ಸೀನಿ ಹೊರಹಾಕುತ್ತ ಅವನು ನಕ್ಕಿದ್ದ. "ಹಿಂದೆ ನಾನಿದ್ದೀನಿ ಅಂತ ನಂಬಬೇಕು."

"ಮೂವತ್ತೇಳು ವರ್ಷ ನನ್ನ ಹಿಂದೆ ಯಾರೂ ಇರ್ಲಿಲ್ಲ. ಒಂದೇ ಸಲ ನಂಬು ಅಂದ್ರೆ?"

ಅವನ ಕಿವಿ ಕೆಂಪಾಯಿತು. ಅವಳು ಗಮನಿಸಿದ್ದು ಮೊದಲು ಆ ಕಿವಿಗಳನ್ನೇ.

ಹನ್ನೊಂದು ವರ್ಷ ಅವನು ಚೀನಾದ ಪರವಾಗಿ ಜೋಡಿ ಸ್ಲಾಲಂ ಆಡಿದವನು. ನೊರೆ ನೀರಿನ ಮೇಲೆ ತೂಗುವ ಜೋಡಿ ಕಂಬಗಳ 'ಗೇಟು'ಗಳಲ್ಲಿ, ಕಂಬ ಮುಟ್ಟದೆ, ನುಸುಳಿ ಸಾಗುವ ಆಟ. ಮುಂದೆ ಗೆಳೆಯ ಗಾವ್, ಹಿಂದೆ ಇವನು. ದಿಕ್ಕು ಹಿಡಿಯುವುದು ಹಿಂದಿನವನ ಕೆಲಸ. ಒಂದು ಫೈನಲ್‌ನ ಬೆಳಿಗ್ಗೆ ಇವನ ಭುಜ ಉಳುಕಿತ್ತು. ಗಾವ್‌ಗೆ ಯಾಕೆ ಚಿಂತೆ ಎಂದು ಹೇಳದೆ ನೀರಿಗಿಳಿದ. ಏಳನೆಯ ಗೇಟು ತಪ್ಪಿತು, ಪದಕವೂ ಹೋಯಿತು. ಆಮೇಲೆ ದೊಡ್ಡ ಕೂಟಗಳಿಂದ ಜೋಡಿ ಸ್ಪರ್ಧೆಯನ್ನೇ ತೆಗೆದರು. ತಿದ್ದಿಕೊಳ್ಳಲು ಇನ್ನೊಂದು ಓಟ ಸಿಗಲಿಲ್ಲ.

ಇದನ್ನೆಲ್ಲ ಅವನು ಹೇಳಿದ್ದು ಇಬ್ಬರೂ ಹತ್ತಿರವಾದ ಮೇಲೆ, ಗಿರಾವೀನ್‌ನ ಅವಳ ಮನೆಯ ಅಡುಗೆಮನೆಯಲ್ಲಿ, ಕರಿಬೇವು ಬಿಡಿಸುತ್ತ.

ಈಗ ಅವನ ಪೆನ್ರಿತ್‌ನ ಕೆಲಸ ಮುಗಿದಿತ್ತು. ಮೆಲ್ಬರ್ನ್‌ನ ಒಂದು ಕ್ಲಬ್‌ನಲ್ಲಿ ಇಂಟರ್‌ವ್ಯೂ ಎಂದು ಬುಧವಾರ ಹೋದವನಿಂದ ಶುಕ್ರವಾರವಾದರೂ ಸುದ್ದಿಯಿಲ್ಲ. ಮೆಸೇಜು ಓದಿದ್ದಾನೆ, ಉತ್ತರವಿಲ್ಲ. ಮೀಟಿಂಗಿನಲ್ಲಿ ಮೇಜಿನ ಕೆಳಗೆ ಫೋನ್ ಹಿಡಿದು ಅವಳು ಮತ್ತೆ ಮತ್ತೆ ನೋಡಿದಳು. ಅಪಘಾತವೇ? ವೀಸಾ ತೊಂದರೆಯೇ? ಇಲ್ಲವೇ, ಅವನಿಗೆ ನಾನೇ ಸಾಕಾದೆನೇ?

ಮೈಸೂರಿನಿಂದ ಅಮ್ಮನ ಫೋನು. "ಸಾರು ಸುರೀತಾನೆ ಅಂದ್ಯಲ್ಲೇ, ಇನ್ನೇನು ಯೋಚನೆ? ಕರ್ಕೊಂಡು ಬಾ."

"ನೋಡೋಣಮ್ಮ," ಎಂದಳು.

ಶನಿವಾರ ಬೆಳಗಿನ ಫ್ಲೈಟ್ ಬುಕ್ ಮಾಡಿದಳು.

ಮೆಲ್ಬರ್ನ್‌ನ ಯಾರಾ ನದಿಯ ದಡದಲ್ಲಿ, ಆ ಕ್ಲಬ್‌ನ ಮುಂದೆ, ಲಿಯಾಂಗ್ ಹುಟ್ಟುಗಳನ್ನು ಒರೆಸಿ ಜೋಡಿಸುತ್ತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಬಟ್ಟೆ ಜಾರಿತು.

"ಬದುಕಿದ್ದೀಯಾ? ಸಂತೋಷ," ಎಂದಳು. "ಕೆಲಸ ಸಿಗ್ಲಿಲ್ವಾ?"

"ಸಿಕ್ತು. ಆರೇ ತಿಂಗಳು."

"ಮತ್ತೆ ಯಾಕೆ ಫೋನ್ ಎತ್ಲಿಲ್ಲ?"

"ನಿನಗೆ ಅಲ್ಲಿ ಮನೆಯಿದೆ, ಅದರ ಸಾಲ ಇದೆ. ಆರು ತಿಂಗಳಾದ್ಮೇಲೆ ನಾನೆಲ್ಲಿ ಇರ್ತೀನೋ ಗೊತ್ತಿಲ್ಲ. ನಿನಗ್ಯಾಕೆ ಚಿಂತೆ ಅಂತ..."

"ಗಾವ್‌ಗೂ ಹೀಗೇ ಅಂದ್ಕೊಂಡಿದ್ದೆ ಅಲ್ವಾ?"

ಅವನು ಬಗ್ಗಿ, ಬಿದ್ದ ಬಟ್ಟೆಯನ್ನು ಎತ್ತಿಕೊಂಡ.

"ಹಿಂದೆ ಕೂತು ಒಬ್ಬನೇ ದಿಕ್ಕು ಬದಲಿಸ್ತೀಯ. ಮುಂದೆ ಇರೋರಿಗೆ ಗೊತ್ತಾಗೋದು ಗೇಟ್ ತಪ್ಪಿದ ಮೇಲೆ. ಮೂರು ದಿನ, ಲಿಯಾಂಗ್. ನಾನು ಅನ್ನ ಸರಿಯಾಗಿ ತಿಂದಿಲ್ಲ."

ಪದ್ಮಿನಿ ಚಪ್ಪಲಿ ಬಿಟ್ಟು, ಕಟ್ಟಿದ್ದ ಜೋಡಿ ದೋಣಿಯೊಂದಕ್ಕೆ ಇಳಿದು ಹಿಂದಿನ ಜಾಗದಲ್ಲಿ ಕೂತಳು.

"ಅದು ನನ್ನ ಜಾಗ."

"ಇವತ್ತು ನೀನು ಮುಂದೆ."

ಅವನು ಎರಡು ಹುಟ್ಟು ತಂದು, ಹಗ್ಗ ಬಿಚ್ಚಿ, ಹಿಂಜರಿಯುತ್ತ ಮುಂದೆ ಕೂತ. ದೋಣಿ ದಡ ಬಿಟ್ಟಿತು. ಅಷ್ಟು ವರ್ಷ ಬೇರೆಯವರ ಬೆನ್ನು ನೋಡಿದವನ ಬೆನ್ನನ್ನು ಅವಳು ಈಗ ನೋಡಿದಳು. ಬಿಗಿದ ಭುಜ, ಒಂದು ಬದಿ ತುಸು ಕೆಳಗೆ. ಹುಟ್ಟು ಹಿಡಿದ ಬೆರಳುಗಳು ಬಿಳಿಚಿದ್ದವು. ಕಣ್ಣಿಗೆ ಕಾಣದವರನ್ನು ನಂಬುವ ಭಯ ಅವನಿಗೂ ಹೊಸದು.

"ಪದ್ಮಿನಿ, ಇದ್ದೀಯಾ?" ಅವಳೇ ಕಲಿಸಿದ ಕನ್ನಡದಲ್ಲಿ ಕೇಳಿದ.

"ತಿರುಗಬೇಡ."

"ಹೆದರಿಕೆ ಆಗ್ತಿದೆ." ಇದು ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ. "ಆರು ತಿಂಗಳಾದ್ಮೇಲೆ ಏನು ಅಂತ. ನೀನು ಬರಲ್ಲ ಅಂದ್ರೆ ಏನು ಅಂತ. ಕೇಳೋಕೇ ಹೆದರಿಕೆ."

"ಹೂಂ, ಕೇಳು."

"ನನ್ನ ಜೊತೆ ಇರ್ತೀಯಾ?"

ಅವಳಿಗೂ ಹೆದರಿಕೆಯಿತ್ತು. ಮನೆ, ಕೆಲಸ, ಆರು ತಿಂಗಳ ಆಚೆಯ ಕತ್ತಲು. ಉತ್ತರವನ್ನು ಬಾಯಿಗಿಂತ ಮೊದಲು ಕೈ ಕೊಟ್ಟಿತು. ಹುಟ್ಟನ್ನು ಆಳಕ್ಕಿಳಿಸಿ ಒಮ್ಮೆ ಎಳೆದಳು. ದೋಣಿ ಅಡ್ಡಾದಿಡ್ಡಿಯಾಗಿ ಮುಂದೆ ಜಿಗಿಯಿತು.

"ಅಯ್ಯೋ, ಎಡಕ್ಕೆ!" ಅವನು ಕೂಗಿದ.

"ಹಾಗೆ. ಮುಂಚೇನೇ ಹೇಳ್ಬೇಕು. ಇರ್ತೀನಿ," ಎಂದಳು ಪದ್ಮಿನಿ.

ಅವನು ತಿರುಗಲಿಲ್ಲ. ಅವನ ಎರಡೂ ಕಿವಿ ಕೆಂಪಾದದ್ದು ಮಾತ್ರ ಅವಳಿಗೆ ಕಂಡಿತು.