ಒಕ್ಕಣ್ಣಿನ ಬೆಕ್ಕಿನ ಪುಟ

"ಲಿಫ್ಟ್ ಬೇಡ ಬಿಡಿ, ಮೆಟ್ಟಿಲಲ್ಲೇ ಹೋಗೋಣ. ನಿಮಗೆ ಲಿಫ್ಟ್ ಅಂದ್ರೆ ಭಯ ಅಲ್ವಾ?"

ಗುಬ್ಬಿಯ ಎದೆ ಧಸಕ್ಕೆಂದಿತು!

ಕೆಲಸಕ್ಕೆ ಸೇರಿ ಇನ್ನೂ ವಾರವಾಗದ ಪ್ರೋಗ್ರಾಮರ್ ಇವನು. ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಆ ಪುಟ್ಟ ಆಫೀಸಿನಲ್ಲಿ ಚಿತ್ರ ಬರೆಯುವವಳು ಇವಳು. ಲಿಫ್ಟಿನ ಭಯ ಅಕ್ಕನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದಳು. ಗುಬ್ಬಿ ಎಂದು ಕರೆಯುವವಳೂ ಅಕ್ಕ ಒಬ್ಬಳೇ.

'ಇವನಿಗೆ ಹೇಗೆ ಗೊತ್ತಾಯ್ತು...?'

ಮರುದಿನ ಅವಳ ಮೇಜು ಕಿಟಕಿಯ ಪಕ್ಕಕ್ಕೆ ಬಂದಿತ್ತು.

"ಬೆಳಕಿದ್ರೇನೇ ನಿಮಗೆ ಚಿತ್ರ ಬರೋದಲ್ವಾ?" ಎಂದು ನಕ್ಕ.

ನಗು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ! ಅವಳಿಗೂ ಹಾಗೇ ಅನ್ನಿಸಿತು. ಅದಕ್ಕೇ ಇನ್ನಷ್ಟು ಹೆದರಿದಳು. ಮದುವೆಯ ತನಕ ಬಂದಿದ್ದ ಹಿಂದಿನ ಹುಡುಗನದೂ ಒಳ್ಳೇ ನಗುವೇ. ಕದ್ದು ಇವಳ ಮೆಸೇಜುಗಳನ್ನೆಲ್ಲ ಓದುತ್ತಿದ್ದ.

ಸಾಲದ್ದಕ್ಕೆ ಶುಕ್ರವಾರ ಎಲ್ಲರಿಗೂ ಚಾಕೊಲೇಟ್ ಹಂಚಿದವನು ಅವಳೊಬ್ಬಳಿಗೆ ಉಪ್ಪು ಬಿಸ್ಕತ್ತು ಕೊಟ್ಟ.

"ನಿಮಗೆ ಚಾಕೊಲೇಟ್ ಕಂಡ್ರೆ ಆಗಲ್ಲ ಅಂತ ಗೊತ್ತು."

ಚಾಕೊಲೇಟ್ ಅಂದರೆ ಪ್ರಾಣ ಬಿಡುವವಳು! 'ಬೇಕಂತಲೇ ಉರಿಸ್ತಿದಾನೆ' ಎಂದುಕೊಂಡು ಬಿಸ್ಕತ್ತನ್ನು ಕಟಕಟ ಅಗಿದಳು.

"ನಿನ್ನ ಫೋನಿಗೆ ಕನ್ನ ಹಾಕಿದಾನೆ ಕಣೆ, ಹುಷಾರು!" ಎಂದಳು ಅಕ್ಕ. "ನಾನು ಒಂದ್ಸಲ ಚಪ್ಪಲಿ ನೋಡಿದ್ದಕ್ಕೆ, ಎಲ್ಲಿ ಹೋದ್ರೂ ಚಪ್ಪಲಿ ಜಾಹೀರಾತು ಬೆನ್ನು ಹತ್ತಿದೆ. ಅಂಥಾದ್ದನ್ನೆಲ್ಲ ಮಾಡೋರೇ ನಿಮ್ಮ ಆಫೀಸಿನೋರು!"

ಗುಬ್ಬಿ ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿದಳು. ಕ್ಯಾಮೆರಾದ ಮೇಲೆ ಪ್ಲಾಸ್ಟರ್ ಅಂಟಿಸಿದಳು. ದೂರು ಕೊಡಲು ಮ್ಯಾನೇಜರ್ ಕೋಣೆಯ ಬಾಗಿಲ ತನಕ ಹೋದಳು... ಕಾಲು ಮುಂದೆ ಹೋಗಲಿಲ್ಲ. ಅವನನ್ನು ಇಷ್ಟಪಡಲು ಶುರುಮಾಡಿದ್ದಳಲ್ಲ, ಅದೇ ಸಂಕಟ!

ತಿರುಗಿ ನೇರ ಅವನ ಮುಂದೆಯೇ ನಿಂತಳು.

"ನಿಜ ಹೇಳಿ. ನನ್ನ ಫೋನ್ ಒಳಗೆ ಏನ್ ಮಾಡ್ತಿದೀರ?"

ಅವನ ಮುಖ ಬಿಳಿಚಿಕೊಂಡಿತು. "ಫೋನಾ? ಇಲ್ಲಾರೀ! ನಾನು... ನಿಮ್ಮ ವೆಬ್ ಪುಟ ಓದಿದ್ದೆ. ಶಾಲೇಲಿದ್ದಾಗ. ಮಿಣುಕೋ ನಕ್ಷತ್ರ, ಒಕ್ಕಣ್ಣಿನ ನೇರಳೆ ಬೆಕ್ಕು... ನಾನು ಬಂದ ಮೊದಲ ದಿನ ಬೋರ್ಡ್ ಮೇಲೆ ನೀವು ಅದೇ ಬೆಕ್ಕು ಬರೆದಿದ್ರಿ."

ಹೈಸ್ಕೂಲಿನಲ್ಲಿದ್ದಾಗ ಮಾಡಿದ್ದ ಪುಟ! ಲಿಫ್ಟಿನ ಭಯ, ಕಿಟಕಿಯ ಬೆಳಕು, ಎಲ್ಲವನ್ನೂ ಅಲ್ಲಿ ಬರೆದು ಮರೆತೇಬಿಟ್ಟಿದ್ದಳು. ಆಗ ವೆಬ್ ಅಂದರೆ ಹಾಗೇ ಇತ್ತು. ಮೋಡೆಮ್ ಕಿರುಚಿ ಕಿರುಚಿ ಸಂಪರ್ಕ ಸಿಕ್ಕಿದರೆ ಸಾಕು, ಮನಸ್ಸಿನಲ್ಲಿದ್ದುದನ್ನೆಲ್ಲ ಬರೆದು ಬಾಗಿಲು ತೆರೆದಿಡುವುದು. ಯಾರೂ ಬೆನ್ನು ಹತ್ತುತ್ತಿರಲಿಲ್ಲ. ಬೇಕಾದವರು ಬಂದು, ನಾಲ್ಕು ಮಾತು ಬರೆದು ಹೋಗುತ್ತಿದ್ದರು.

ಕೂಡಲೇ ಹುಡುಕಿದಳು. ಪುಟ ಇರಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಕಂಪನಿಯೇ ಎಂದೋ ಮುಚ್ಚಿಹೋಗಿತ್ತು.

"ಸಾಕ್ಷಿ ಎಲ್ಲಿ? ನಿಮ್ಮನ್ನ ಹೇಗೆ ನಂಬಲಿ?"

"ನನ್ನ ಹತ್ರ ಏನೂ ಇಲ್ಲ," ಅವನು ತಲೆ ತಗ್ಗಿಸಿದ. "ದೂರು ಕೊಡಿ, ತಪ್ಪು ತಿಳ್ಕೊಳಲ್ಲ. ಚಾಕೊಲೇಟ್ ಆಗಲ್ಲ ಅಂತ ನೀವು ಬರೆದಿದ್ದು ನೆನಪಿತ್ತು. ಖುಷಿಪಡ್ತೀರ ಅಂತ..."

ಚಾಕೊಲೇಟ್!

ವಾರವಾರವೂ ಅವಳು ಚಾಕೊಲೇಟ್ ತರಿಸುವುದು ಫೋನಿನಿಂದಲೇ. ಫೋನಿಗೆ ಕನ್ನ ಹಾಕಿದವನು ಇಂಥ ತಪ್ಪು ಮಾಡುತ್ತಾನೆಯೇ? ತಾನು ಎಲ್ಲರಂತಲ್ಲ ಎಂದು ಜಂಭ ತೋರಿಸಲು ಆ ಸುಳ್ಳನ್ನು ಅವಳು ಬರೆದದ್ದು ಒಂದೇ ಕಡೆ. ಆ ಬೆಕ್ಕಿನ ಕೆಳಗೆ.

ಕಣ್ಣು ತುಂಬಿತು, ನಗುವೂ ಬಂತು.

"ಮೊದಲೇ ಹೇಳೋಕೆ ಬಾಯಿಗೇನು ಬೀಗ ಹಾಕಿತ್ತಾ?"

"ಎಲ್ಲಿ ತಪ್ಪು ತಿಳ್ಕೋತೀರೋ ಅಂತ ಹೆದರಿದೆ. ಆಗ ನಾನೂ ನಿಮ್ಮ ಪುಟದಲ್ಲಿ ಬರೆದಿದ್ದೆ, ನಂಗೂ ಲಿಫ್ಟ್ ಭಯ ಅಂತ. ನೀವು ಉತ್ತರ ಕೊಟ್ಟಿದ್ರಿ..."

"ಹಾಗಾದ್ರೆ ಜೊತೆಗೇ ಮೆಟ್ಟಿಲು ಹತ್ತೋಣ," ಅವಳೇ ಮುಗಿಸಿದಳು.

"ಆ ಮಾತು ಮರೆಯೋಕೇ ಆಗ್ಲಿಲ್ಲ ಕಣ್ರೀ. ನೋಡಿದ್ರೆ ನಿಮಗೂ ನೆನಪಿದೆ!"

ಗುಬ್ಬಿ ಕೈ ಚಾಚಿದಳು. "ಚಾಕೊಲೇಟ್ ಉಳಿದಿದ್ಯಾ?"

"ಅಯ್ಯೋ, ನಿಮಗೆ ಆಗಲ್ವಲ್ಲ!"

"ಸುಳ್ಳು ಬರೆದಿದ್ದೆ ಕಣೋ, ಪೆದ್ದ! ಕೊಡು ಇಲ್ಲಿ."

ಆ 'ಕಣೋ' ಕೇಳಿ ಅವನ ಕಿವಿಯೆಲ್ಲ ಕೆಂಪಾಯಿತು.

"ಮತ್ತೆ ಲಿಫ್ಟ್ ಭಯ? ಅದೂ ಸುಳ್ಳಾ...?"

"ಅದು ನಿಜ," ಎಂದು ಗುಬ್ಬಿ ಅವನ ಕೈ ಹಿಡಿದಳು. "ನಡಿ, ಮೆಟ್ಟಿಲಲ್ಲೇ ಹೋಗೋಣ."